ಖಾಲಿ ಕೊಡಬಾರದ ಡಬ್ಬಿ

ಜಪಾನಿನಿಂದ ರಜೆಗೆ ಬಂದ ಹುಲುಗಮ್ಮ ಮೊದಲ ದಿನ ಮಾಡಿದ್ದು ಒಂದೇ ಕೆಲಸ, ಮಲಗಿದ್ದು. ಎರಡನೆಯ ದಿನ ಮಲಗುವುದಕ್ಕೆ ಯಾರೂ ಬಿಡಲಿಲ್ಲ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅವಳದು ಎರಡು ಕೋಣೆಯ ಮನೆ. ಗಂಡ ಜಂಬುನಾಥ ಜೀನ್ಸ್ ಪ್ಯಾಂಟು ಒಗೆದು ಬಣ್ಣ ಇಳಿಸುವ ವಾಷಿಂಗ್ ಯೂನಿಟ್ಟಿನ ಕೆಲಸಗಾರ. ಅವನ ಉಗುರ ಸಂದಿಯ ನೀಲಿ ದೀಪಾವಳಿಯ ಎಣ್ಣೆಸ್ನಾನಕ್ಕೂ ಹೋಗುವುದಿಲ್ಲ. ಮಗಳು ಸುಮಂಗಲಾ ನರ್ಸಿಂಗ್ ಓದುತ್ತಾಳೆ. ಹುಲುಗಮ್ಮನೂ ಮೊದಲು ಇದೇ ಊರಿನ ಯೂನಿಟ್ಟುಗಳಲ್ಲಿ ಪ್ಯಾಂಟಿನ ಹಿಂದಿನ ಜೇಬು ಹೊಲಿಯುತ್ತಿದ್ದವಳು. ಜಪಾನಿನಲ್ಲಿಯೂ ಬಳ್ಳಾರಿಯ ಹಾಗೆಯೇ ಜೀನ್ಸಿನಿಂದ ಬದುಕುವ ಒಂದು ಊರಿದೆ, ಅಲ್ಲಿಗೆ ಕೈ ಪಳಗಿದವರು ಬೇಕು ಎಂದು ಯಾರೋ ಬಂದು ಪರೀಕ್ಷೆ ಇಟ್ಟರು. ಇವಳು ಜೇಬು ಹೊಲಿದು ತೋರಿಸಿದಳು. ಅವರು ಅದನ್ನು ಒಳಗಡೆಯಿಂದ ತಿರುವಿ ನೋಡಿ ತಲೆದೂಗಿದರು. ಹಾಗೆ ಹೋದವಳು ಮೂರು ವರ್ಷದ ಕರಾರು ಮುಗಿಸಿ ಬಂದಿದ್ದಳು. ಇನ್ನೆರಡು ವರ್ಷ ಬರುತ್ತೀಯಾ ಎಂದು ಕಂಪನಿಯವರು ಕೇಳಿದ್ದರು. ರಜೆ ಮುಗಿಯುವುದರೊಳಗೆ ಉತ್ತರ ಹೇಳಬೇಕಿತ್ತು.

ಓಣಿಯ ಹೆಂಗಸರೆಲ್ಲ ಬಂದು ಪಡಸಾಲೆಯಲ್ಲಿ ಕುಳಿತರು.

"ಅಲ್ಲೆ ಹಾವು ತಿಂತಾರಂತಲ್ಲಬೇ, ಖರೇ ಏನು?"

"ನಾ ನೋಡಿಲ್ಲವ್ವ."

"ಭೂಮಿ ಅಲ್ಲಾಡತೈತಂತಲ್ಲ ದಿನಾ?"

"ದಿನಾ ಇಲ್ಲ. ಅಲ್ಲಾಡಿದಾಗೂ ನಮ್ಮನ್ನ ಮಿಷನ್ ಬಿಟ್ಟು ಏಳ್ರಿ ಅನ್ನಾಕ ಒಬ್ಬಾತ ಇದ್ದ."

"ಅಯ್ಯ, ಹಾವೂ ನೋಡಿಲ್ಲ, ಏನೂ ನೋಡಿಲ್ಲ. ಮತ್ತ ಮೂರು ವರ್ಷ ಏನ್ ನೋಡಿದಿ ತಾಯಿ?"

ಹುಲುಗಮ್ಮ ಸ್ವಲ್ಪ ಯೋಚಿಸಿದಳು. "ಜೇಬು ನೋಡಿದೆ" ಎಂದಳು. ಎಲ್ಲರೂ ನಕ್ಕರು. ಅವಳು ತಮಾಷೆಗೆ ಹೇಳಿರಲಿಲ್ಲ.

ಬಂದವರು ಹೋದ ಮೇಲೆ ಸುಮಂಗಲಾ ಪೆಟ್ಟಿಗೆ ಬಿಚ್ಚಿದಳು. ಚಾಕಲೇಟು, ಸೋಪು, ಅತ್ತೆಗೆಂದು ತಂದ ಮೊಣಕಾಲಿನ ಪಟ್ಟಿ, ಇವುಗಳ ಅಡಿಯಲ್ಲಿ ಒಂದು ಡಬ್ಬಿ ಸಿಕ್ಕಿತು. ಹೊರಗೆ ಕಪ್ಪು, ಒಳಗೆ ಕೆಂಪು, ಮುಚ್ಚಳದ ಮೇಲೆ ಮಾಸಿದ ಹೂವು. ಎರಡು ಅಂಗೈ ತುಂಬುವಷ್ಟು ದೊಡ್ಡದು. ತೆಗೆದರೆ ಒಳಗೆ ಒಂದೇ ಒಂದು ಪೆಪ್ಪರಮಿಂಟು.

"ಯಮ್ಮಾ, ಇದೇನು? ಇಷ್ಟು ದೊಡ್ಡ ಡಬ್ಬ್ಯಾಗ ಒಂದ ಪೆಪ್ಪರಮೆಂಟು?"

ಹುಲುಗಮ್ಮ ಹಣೆ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ಮೋರಿತಜ್ಜಿ ಡಬ್ಬಿ ನನ್ನ ಕೂಡ ಬಂದುಬಿಟ್ಟೈತಲ್ಲ. ಈ ಸಲ ಕೊಡೂದು ನನ್ನ ಪಾಳಿ ಇತ್ತು."

"ಅದಕ್ಕೇನಾತು," ಎಂದ ಜಂಬುನಾಥ, ಚಹಾ ಸೊರ್ರನೆ ಹೀರುತ್ತ, "ಮುಂದಿನ ತಿಂಗಳು ಹೋಗಾಕಿ ಇದ್ದಿ. ಆವಾಗ ಕೊಟ್ಟರಾತು."

ಹುಲುಗಮ್ಮ ಪೆಪ್ಪರಮಿಂಟನ್ನು ಮಗಳ ಬಾಯಿಗೆ ಹಾಕಿದಳು. ಡಬ್ಬಿ ಒರೆಸಿ ಗೂಡಿನಲ್ಲಿ ದೇವರ ಪಟದ ಪಕ್ಕಕ್ಕೆ ಇಟ್ಟಳು. ಅದು ಅಲ್ಲಿಂದ ಅವಳನ್ನು ನೋಡುತ್ತ ಕುಳಿತಿತು.

ಈಗ ಈ ಡಬ್ಬಿಯ ಕತೆ ಕೇಳಬೇಕು. ಕೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಅವಳಿದ್ದ ಊರಿನ ಹೆಸರು ಕೊಜಿಮಾ. ಒಂದು ಕಡೆ ಸಮುದ್ರ, ಸಮುದ್ರದ ಮೇಲೆ ಕಣ್ಣು ಹಾಯುವಷ್ಟು ದೂರ ಒಂದು ಸೇತುವೆ, ಇನ್ನೊಂದು ಕಡೆ ಗುಡ್ಡ. ನಡುವೆ ಹೊಲಿಗೆ. ಒಂದು ಹಳೆಯ ಎರಡಂತಸ್ತಿನ ಮನೆಯ ಮೇಲೆ ಹುಲುಗಮ್ಮ ಮತ್ತು ವಿಜಯಲಕ್ಷ್ಮಿ ಇದ್ದರು. ವಿಜಯಲಕ್ಷ್ಮಿ ಬಳ್ಳಾರಿ ಕಂಟೋನ್ಮೆಂಟಿನ ಹುಡುಗಿ, ಇವಳಿಗಿಂತ ಬಹಳ ಚಿಕ್ಕವಳು, ನಾಲಿಗೆ ಮಾತ್ರ ಚಿಕ್ಕದಲ್ಲ. ಕೆಳಗಿನ ಮನೆಯಲ್ಲಿ ಮೋರಿತಾ ಎಂಬ ಒಂಟಿ ಮುದುಕಿ. ಅವಳೂ ವಯಸ್ಸಿನಲ್ಲಿದ್ದಾಗ ಜೀನ್ಸ್ ಹೊಲಿದವಳೇ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು.

ಬೆಳಿಗ್ಗೆ ಸೈಕಲ್ಲು, ಕಾರ್ಖಾನೆ, ಸಂಜೆ ಸೈಕಲ್ಲು, ಅನ್ನ, ನಿದ್ದೆ. ಬಳ್ಳಾರಿಯ ಯೂನಿಟ್ಟಿನಲ್ಲಿ ಹಾಡು ಹಚ್ಚಿರುತ್ತಿದ್ದರು, ಜಗಳ ಇರುತ್ತಿತ್ತು, ಚಹಾದವನು ಬಂದರೆ ಹತ್ತು ಸುದ್ದಿ ಬರುತ್ತಿದ್ದವು. ಇಲ್ಲಿ ಮಿಷನ್ನು ಬಿಟ್ಟರೆ ಯಾರೂ ಮಾತಾಡುವುದಿಲ್ಲ. ಹೊಲಿದ ಪ್ಯಾಂಟನ್ನು ಒಬ್ಬಾಕೆ ಒಳಮೈ ಹೊರಗೆ ಮಾಡಿ ದೀಪದ ಕೆಳಗೆ ಹಿಡಿಯುವಳು. ಒಂದು ದಾರ ಸೊಟ್ಟಗಿದ್ದರೆ ನಗುನಗುತ್ತಲೇ ಬಿಚ್ಚಿ ಕೊಡುವಳು. "ಬೈದಿದ್ರ ಚಲೋ ಇತ್ತು," ಎನ್ನುತ್ತಿದ್ದಳು ಹುಲುಗಮ್ಮ. "ಬೈದ್ರ ತಿರುಗಿ ಅನ್ನಬಹುದು. ನಕ್ಕೊಂತ ಕೊಟ್ರ ಏನ್ ಮಾಡ್ತಿ?"

ತಿರುಗಾಟವೆಂದರೆ ಭಾನುವಾರದ್ದು. ಮೊದಮೊದಲು ಇಬ್ಬರೂ ಜೀನ್ಸ್ ಅಂಗಡಿಗಳ ಬೀದಿಗೆ ಹೋದರು. ಅಲ್ಲಿ ಬೀದಿಯ ಈ ಕಡೆಯಿಂದ ಆ ಕಡೆಗೆ ಹಗ್ಗ ಕಟ್ಟಿ ಪ್ಯಾಂಟುಗಳನ್ನು ತೋರಣದ ಹಾಗೆ ತೂಗುಹಾಕಿದ್ದಾರೆ. ದೂರದೂರದಿಂದ ಜನ ಬಂದು ಕತ್ತೆತ್ತಿ ಫೋಟೋ ತೆಗೆದುಕೊಳ್ಳುತ್ತಾರೆ.

"ಅಕ್ಕಾ, ನಿಮ್ಮ ಮನೆಯವ್ರು ದಿನಾ ಇಂಥಾವ ಸಾವಿರ ಒಣಗ ಹಾಕ್ತಾರಲ್ಲ," ಎಂದಳು ವಿಜಯಲಕ್ಷ್ಮಿ. "ಅವ್ರ ಫೋಟೋ ಯಾರೂ ತಗೊಂಡಿಲ್ಲ ನೋಡು."

"ನಮ್ಮೂರಾಗ ಹಿಂಗ ಕಟ್ಟಿದ್ರ ಕಾಗಿ ಬಂದು ಕುಂತು ಕೆಲಸ ಕೆಡಸ್ತಾವ. ನಡಿ, ನನಗ ಕತ್ತು ನೋವು ಬಂತು. ವಾರ ಎಲ್ಲಾ ಬಗ್ಗಿಸಿ ನೋಡಿದ್ದನ್ನ ಭಾನುವಾರ ಎತ್ತಿ ನೋಡಬೇಕೇನು?"

ಡಬ್ಬಿ ಬಂದದ್ದು ಕಸದಿಂದ. ಆ ಊರಿನಲ್ಲಿ ಸುಡುವ ಕಸಕ್ಕೊಂದು ದಿನ, ಸುಡದ್ದಕ್ಕೊಂದು ದಿನ, ಬಾಟಲಿಗೆ ಬೇರೆ ದಿನ. ಇವರು ಎಲ್ಲ ಕೂಡಿಸಿ ಇಟ್ಟದ್ದಕ್ಕೆ ಚೀಲದ ಮೇಲೆ ಕೆಂಪು ಚೀಟಿ ಅಂಟಿಸಿ ಬಿಟ್ಟುಹೋಗಿದ್ದರು. ಮೋರಿತಜ್ಜಿ ಅದನ್ನು ಕಂಡು, ಮಾತಿಲ್ಲದೆ ಮೆಟ್ಟಿಲ ಮೇಲೆ ಕುಳಿತು, ಚೀಲ ಬಿಚ್ಚಿ, ಅವರ ಕಸವನ್ನು ಆರಿಸಿ ಕೊಟ್ಟಳು. ಮುದುಕಿಯ ಕೈಯಲ್ಲಿ ತಮ್ಮ ಉಳ್ಳಾಗಡ್ಡಿ ಸಿಪ್ಪೆ ನೋಡಿ ಹುಲುಗಮ್ಮನಿಗೆ ಭೂಮಿಯೊಳಗೆ ಹೋಗುವಂತಾಯಿತು. ಮರುವಾರದಿಂದ ತಮ್ಮ ಚೀಲದ ಜೊತೆ ಅಜ್ಜಿಯ ಚೀಲವನ್ನೂ ಅವಳೇ ಹೊತ್ತು ಒಯ್ದಳು. ಅದಕ್ಕೆ ಅಜ್ಜಿ ಈ ಕಪ್ಪು ಡಬ್ಬಿಯಲ್ಲಿ ಬೇಯಿಸಿದ ಕುಂಬಳಕಾಯಿ ಕೊಟ್ಟಳು.

ತಿಂದಾಯಿತು. ತೊಳೆದಾಯಿತು.

"ಕೊಟ್ಟು ಬಾ ಅಕ್ಕಾ," ಎಂದಳು ವಿಜಯಲಕ್ಷ್ಮಿ.

"ಖಾಲಿ ಡಬ್ಬಿ ಕೊಡಾಕ ಆಗತೈತೇನಬೇ? ನಿಮ್ಮವ್ವ ಹಂಗ ಕಲಿಸ್ಯಾಳೇನು?"

ನಮ್ಮ ಕಡೆ ನೆರೆಮನೆಯ ಪಾತ್ರೆ ಬರಿದಾಗಿ ಹೊಸ್ತಿಲು ದಾಟುವುದಿಲ್ಲ. ಹುಲುಗಮ್ಮ ಶೇಂಗಾ ಹುರಿದು, ಬೆಲ್ಲಕ್ಕೆ ಬದಲು ಕಂದು ಸಕ್ಕರೆ ಕುಟ್ಟಿ, ಭಾನುವಾರದ ಅರ್ಧ ದಿನ ನಿಂತು ಶೇಂಗಾ ಹೋಳಿಗೆ ಮಾಡಿದಳು. ಅಜ್ಜಿ ಎರಡೂ ಕೈಯಲ್ಲಿ ಇಸಿದುಕೊಂಡಳು. ಬಾಗಿದಳು. ಆದರೆ ಮುಖದಲ್ಲಿ ಖುಷಿಯ ಜೊತೆಗೆ ಏನೋ ಚಿಂತೆ ಸುಳಿಯಿತು. ಅದು ಏಕೆಂದು ಹುಲುಗಮ್ಮನಿಗೆ ಆಗ ತಿಳಿಯಲಿಲ್ಲ.

ಮುಂದಿನ ಭಾನುವಾರ ಬಾಗಿಲ ಮುಂದೆ ಡಬ್ಬಿ ಬಂದು ಕುಳಿತಿತ್ತು. ಒಳಗೆ ಮೂಲಂಗಿ. ಅದಕ್ಕೆ ಇವಳು ಚಿತ್ರಾನ್ನ ಹಾಕಿದಳು. ಅದು ಸಿಹಿ ಬೀನ್ಸು ಹಾಕಿಸಿಕೊಂಡು ಬಂತು. ಇವಳು ಪುಟಾಣಿ ಚಟ್ನಿ, ಅವಳು ಉಪ್ಪಿನ ಸೊಪ್ಪು. ಡಬ್ಬಿ ಮೆಟ್ಟಿಲು ಹತ್ತಿತು, ಇಳಿಯಿತು. ಚಳಿ ಹೋಯಿತು, ಸೆಕೆ ಬಂತು, ಮತ್ತೆ ಚಳಿ ಬಂತು, ಡಬ್ಬಿ ಮಾತ್ರ ನಿಲ್ಲಲಿಲ್ಲ. ವಾರವಿಡೀ ಜೇಬು ಹೊಲಿದು ಬೆನ್ನು ಬಿದ್ದುಹೋದ ಹೆಂಗಸು, ಇರುವ ಒಂದು ರಜೆಯಲ್ಲಿ ಎದ್ದು ಒಲೆಯ ಮುಂದೆ ನಿಲ್ಲುವುದಾಯಿತು. ಅದೇ ಹೊತ್ತಿಗೆ ಕೆಳಗಿನ ಮನೆಯಿಂದಲೂ ಟಕಟಕ ಚಾಕುವಿನ ಸದ್ದು.

"ಅಕ್ಕಾ, ನಿನ್ನ ಕಾಲು ಹಿಡೀತೀನಿ, ಒಂದು ವಾರ ಖಾಲಿ ಕೊಡು. ಮುಗಿದು ಹೋಗತೈತಿ."

"ಆಕಿ ಮೊದಲು ಖಾಲಿ ಕೊಡ್ಲಿ."

"ಆಕಿಗೆ ಎಂಬತ್ತಾಗೇತಿ. ನಿನಗ ಸೋಲಂಗಿಲ್ಲ ಆ ಮುದುಕಿ."

"ಸೋಲೂದು ಗೆಲ್ಲೂದು ಅಲ್ಲಲೇ ಇದು."

"ಮತ್ತೇನು?"

ಹುಲುಗಮ್ಮ ಕಡ್ಲಿಬೇಳೆ ನೆನೆಹಾಕಲು ಎದ್ದಳು.

ಕಡೆಗೊಮ್ಮೆ ಅಜ್ಜಿಯೇ ಮೇಲೆ ಬಂದು, ಗುಡ್ಡದ ಮೇಲಿನಿಂದ ಸೇತುವೆ ಚೆನ್ನಾಗಿ ಕಾಣುತ್ತದೆ, ಬಸ್ಸಿನಲ್ಲಿ ಹೋಗಿ ಬರೋಣ ಎಂದಳು. ವಿಜಯಲಕ್ಷ್ಮಿ ಕಂಬಳಿಯೊಳಗಿಂದಲೇ ಕೂಗಿದಳು: "ನೀವು ಸೇತುವೆ ನೋಡಿ ಬರ್ರಿ, ನಾ ನಿದ್ದಿ ನೋಡ್ತೀನಿ."

ಇಬ್ಬರೂ ಹೋದರು. ಇಬ್ಬರ ಕೈಯಲ್ಲೂ ಗಂಟು, ಯಾಕೆಂದರೆ ಇಬ್ಬರೂ ಬೆಳಿಗ್ಗೆ ಎದ್ದು ಒಬ್ಬರಿಗೊಬ್ಬರು ಅಡುಗೆ ಮಾಡಿಕೊಂಡಿದ್ದರು. ಗುಡ್ಡದ ಮೇಲೆ ಒಂದು ಬೆಂಚು ಇತ್ತು. ಎಳೆಬಿಸಿಲು. ಕೆಳಗೆ ಸಮುದ್ರ, ದ್ವೀಪಗಳು, ಆ ಸೇತುವೆ. "ಅಬ್ಬ," ಎಂದಳು ಹುಲುಗಮ್ಮ. ಅಜ್ಜಿಯೂ ತನ್ನ ಭಾಷೆಯಲ್ಲಿ ಅಬ್ಬ ಎಂದಳು. ಆಮೇಲೆ ಏನಾಯಿತೋ ಇಬ್ಬರಿಗೂ ನೆನಪಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಸೇತುವೆಯ ಆಚೆಗೆ ಸರಿದಿತ್ತು. ಹುಲುಗಮ್ಮನ ತಲೆ ಅಜ್ಜಿಯ ಹೆಗಲ ಮೇಲೆ, ಅಜ್ಜಿಯ ತಲೆ ಹುಲುಗಮ್ಮನ ತಲೆಯ ಮೇಲೆ. ಗಂಟು ಬಿಚ್ಚಿರಲಿಲ್ಲ. ಬಸ್ಸು ಹೋಗಿತ್ತು.

ನಡೆದು ಇಳಿಯಬೇಕಾಯಿತು. ಅರ್ಧ ದಾರಿಯಲ್ಲಿ ಮುದುಕಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ನಗಲಿಕ್ಕೆ ಶುರು ಮಾಡಿದಳು. ನಕ್ಕು ನಕ್ಕು ಸುಧಾರಿಸಿಕೊಂಡು ಹೇಳಿದ ಮಾತನ್ನು ಹುಲುಗಮ್ಮ ನಮ್ಮ ಮಾತಿನಲ್ಲಿ ಹೇಳುವುದು ಹೀಗೆ: "ಯವ್ವಾ, ನಿನ್ನ ಡಬ್ಬಿ ಬಂತು ಅಂದ್ರ ನನಗ ಎದಿ ಡವಡವ ಅಂತತಿ. ಈ ವಾರ ಏನ್ ಮಾಡ್ಲಿ, ಏನ್ ಹಾಕ್ಲಿ ಅಂತ. ನನ್ನ ಕೈ ನಡಗತಾವ, ಚಾಕು ಹಿಡಿಯಾಕ ಬರವಲ್ದು. ತಗೊಂಡ ಮ್ಯಾಲ ಕೊಡದ ಇರೂದು ನಮ್ಮಲ್ಲಿ ಇಲ್ಲ."

ಹುಲುಗಮ್ಮ ರಸ್ತೆಯ ಅಂಚಿಗೇ ಕುಳಿತುಬಿಟ್ಟಳು. "ನಮ್ಮಲ್ಲೂ ಇಲ್ಲ" ಎಂದಳು. ಕೊಡದೆ ಇರಲಾರದ ಇಬ್ಬರು ಮೇಲೊಬ್ಬಳು ಕೆಳಗೊಬ್ಬಳು ಸೇರಿ, ಪ್ರೀತಿಯಿಂದ ಒಬ್ಬರನ್ನೊಬ್ಬರು ಸುಸ್ತು ಮಾಡಿದ್ದರು.

ಆಗ ಹುಲುಗಮ್ಮನಿಗೆ ಊರಿನ ಇನ್ನೊಂದು ರೂಢಿ ನೆನಪಾಯಿತು. ಮನೆಯಲ್ಲಿ ಏನೂ ಇಲ್ಲದ ದಿನ ಪಾತ್ರೆಯ ತಳಕ್ಕೆ ಒಂದು ಚಿಟಿಕೆ ಸಕ್ಕರೆ ಹಾಕಿದರೂ ನಡೆಯುತ್ತದೆ. ಖಾಲಿ ಅಲ್ಲ ಎಂದರೆ ಮುಗಿಯಿತು. ತನಗೆ ಬರುವ ಜಪಾನೀ ಮಾತು, ಕೈಸನ್ನೆ ಎರಡೂ ಬಳಸಿ ತಿಳಿಸಿದಳು. ಮುದುಕಿ ನಂಬದೆ ಮತ್ತೆ ಕೇಳಿದಳು. ಅಂದಿನಿಂದ ಡಬ್ಬಿಯಲ್ಲಿ ಇವಳು ಸಕ್ಕರೆ ಹಾಕುವುದು, ಅವಳು ಒಂದು ಪೆಪ್ಪರಮಿಂಟು ಹಾಕುವುದು. ಉಳಿದ ಭಾನುವಾರಗಳಲ್ಲಿ ಇಬ್ಬರೂ ಮೆಟ್ಟಿಲ ಮೇಲೆ ಬಿಸಿಲಿಗೆ ಕುಳಿತು ತೂಕಡಿಸುತ್ತಿದ್ದರು. ಹುಲುಗಮ್ಮ ಜಪಾನಿನಲ್ಲಿ ಕಂಡ ಸುಖ ಅಂದರೆ ಅಷ್ಟು.

ರಜೆಗೆ ಹೊರಟ ಬೆಳಿಗ್ಗೆ ಗಾಡಿ ಬಂದು ನಿಂತಾಗ ಅಜ್ಜಿ ಡಬ್ಬಿ ತಂದು ಕೈಯಲ್ಲಿಟ್ಟಳು. ನಿಂತ ಕಾಲಲ್ಲೇ ತಿರುಗಿ ಕೊಟ್ಟರೆ ಬೇಡವೆಂದು ಕೊಟ್ಟಂತೆ. ಅವಸರದಲ್ಲಿ ಪೆಟ್ಟಿಗೆಗೆ ತುರುಕಿದಳು. ಹಾಗೆ ಸಮುದ್ರ ದಾಟಿ ಬಂದ ಡಬ್ಬಿ ಈಗ ಕೌಲ್ ಬಜಾರಿನ ಗೂಡಿನಲ್ಲಿ ಕುಳಿತಿತ್ತು.

ರಜೆ ಎಂದರೆ ಏನು? ದಿನಾ ಒಂದು ಮನೆ, ಒಂದು ಊಟ, ಒಂದೇ ಪ್ರಶ್ನೆ: ಮತ್ತೆ ಯಾವಾಗ ಹೊರಡುವುದು? ಬಸ್ಸು ಹಿಡಿದು ಕುರುಗೋಡಿಗೆ, ಅತ್ತೆಯ ಮನೆಗೆ ಹೋದಳು. ಹೋಗುವಾಗ ಡಬ್ಬಿಯನ್ನು ಕೈಚೀಲದಲ್ಲಿ ಹಾಕಿಕೊಂಡಳು. ದಾರಿಯಲ್ಲಿ ಒಳ್ಳೆಯದೇನಾದರೂ ಸಿಕ್ಕರೆ ತುಂಬಿಸಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಅತ್ತೆ ಮೊಣಕಾಲ ಪಟ್ಟಿಯನ್ನು ಸೀರೆಯ ಮೇಲೆಯೇ ಕಟ್ಟಿಕೊಂಡು ಓಣಿ ತುಂಬ ಓಡಾಡಿದಳು. "ನಮ್ಮ ಸೊಸಿ ತಂದಿದ್ದು. ಇನ್ನೆರಡು ವರ್ಷ ಹೋಗ್ತಾಳ. ಬಂದ ಮ್ಯಾಲ ಬಳ್ಳಾರಿ ಮನಿ ಮ್ಯಾಲ ಇನ್ನೊಂದು ಕೋಣಿ ಏರತೈತಿ." ಸಂಜೆ ದೊಡ್ಡಬಸಪ್ಪನ ಗುಡಿಗೆ ಕರೆದುಕೊಂಡು ಹೋದಳು. ಆಳೆತ್ತರಕ್ಕೂ ಮೀರಿದ ಕಲ್ಲಿನ ಬಸವ ಕಾಲು ಮಡಚಿ ಕುಳಿತಿದ್ದ. ಎಷ್ಟೋ ನೂರು ವರ್ಷದಿಂದ ಕುಳಿತೇ ಇದ್ದಾನೆ, ಯಾರೂ ಏಳು ಅನ್ನುವುದಿಲ್ಲ ಎಂದುಕೊಂಡು ಹುಲುಗಮ್ಮ ಕಂಬಕ್ಕೆ ಒರಗಿದಳು. ತಂಪು ಕಲ್ಲು. ಕಣ್ಣು ಮುಚ್ಚಿತು.

"ಏಯ್, ಏಳು ಏಳು," ಅತ್ತೆ ಭುಜ ಅಲುಗಿಸಿದಳು. "ಜಪಾನಿಗೆ ಹೋಗಿ ಬಂದಾಕಿ ಗುಡ್ಯಾಗ ಗೊರಕಿ ಹೊಡೀತಾಳ ಅಂತಾರ. ಮಂದಿ ನೋಡಾಕತ್ಯಾರ."

ಡಬ್ಬಿ ಕುರುಗೋಡಿನಿಂದ ಖಾಲಿಯೇ ಬಂತು.

ಬಂದ ದಿನವೇ, ತಾನೂ ರಜೆಗೆ ಊರಿಗೆ ಬಂದಿದ್ದ ವಿಜಯಲಕ್ಷ್ಮಿಯ ಫೋನು: "ಅಕ್ಕಾ, ನಾನು ಮುಂದಿನ ವಾರ ಹೊಂಟೆ. ನೀನು ಕಂಪನಿಗೆ ಹೇಳಿದೇನು? ಕೂಡೇ ಹೋಗೂಣು. ನೀನಿಲ್ದ ಆ ಮನ್ಯಾಗ ನಾ ಯಾರನ್ನ ಕಾಡಿಸ್ಲಿ?"

"ಹೇಳ್ತೀನಿ ತಡಿಯಬೇ" ಎಂದಳು ಹುಲುಗಮ್ಮ. ಹೋಗಬೇಕೆಂದರೆ ಕಾಲು ಏಳುತ್ತಿರಲಿಲ್ಲ. ಹೋಗುವುದಿಲ್ಲ ಎನ್ನಲು ಬಾಯಿ ಏಳುತ್ತಿರಲಿಲ್ಲ. ಗಂಡ ಆಗಲೇ ಮೇಲಿನ ಕೋಣೆ ಕಟ್ಟಿಸಲು ಗೌಂಡಿಯ ಕೂಡ ಮಾತಾಡಿ ಬಂದಿದ್ದ. ಅತ್ತೆ ಊರಿಗೆಲ್ಲ ಸಾರಿದ್ದಳು. ನಿನಗೆ ಹೇಗೆ ಅನಿಸುತ್ತದೆ ಎಂದು ಯಾರೂ ಕೇಳಲಿಲ್ಲ, ಯಾಕೆಂದರೆ ಉತ್ತರ ಎಲ್ಲರಿಗೂ ಗೊತ್ತಿತ್ತು.

ಕೊನೆಗೆ ತವರಿಗೆ ಹೋದಳು. ಸಿರಿಗೇರಿ. ತಾಯಿ ಅಂಬಮ್ಮ ಮಗ ಸೊಸೆಯ ಜೊತೆ ಇರುತ್ತಾಳೆ. ಹೋದಾಗ ಅಂಗಳದಲ್ಲಿ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಮಗಳನ್ನು ಮೇಲಿಂದ ಕೆಳಗೆ ನೋಡಿ, "ಉಂಡು ಮಲಕ್ಕೋ" ಎಂದಳು. ಅಷ್ಟೇ ಮಾತು. ಮಗಳು ಉಂಡು ಮಲಗಿದಳು. ಎದ್ದಾಗ ಸಂಜೆಯಾಗಿತ್ತು. ತಾಯಿ ಅದೇ ಜಾಗದಲ್ಲಿ ಕುಳಿತಿದ್ದಳು, ಕೈಚೀಲದಿಂದ ತೆಗೆದ ಡಬ್ಬಿ ಅವಳ ಮುಂದಿತ್ತು.

"ಇದು ಯಾರದಬೇ? ನಿಂದಲ್ಲ."

ಹುಲುಗಮ್ಮ ಎಲ್ಲ ಹೇಳಿದಳು. ಕಸದ್ದು, ಹೋಳಿಗೆಯದ್ದು, ಗುಡ್ಡದ ಮೇಲೆ ನಿದ್ದೆ ಹೋದದ್ದು. ಅಂಬಮ್ಮ ನಕ್ಕಳು, ಮಧ್ಯೆ ಎರಡು ಸಲ "ಪಾಪ" ಎಂದಳು. ಆ ಪಾಪ ಯಾರಿಗೆಂದು ಹೇಳಲಿಲ್ಲ.

"ಬಂದು ಎಷ್ಟು ದಿನ ಆತು. ಇನ್ನೂ ಖಾಲಿ ಇಟ್ಟೀಯಲ್ಲ?"

"ಏನ್ ಹಾಕಬೇಕಂತ ತಿಳೀವಲ್ದು ಯವ್ವಾ. ಕುರುಗೋಡಿಗೂ ತಗೊಂಡು ಹೋಗಿದ್ದೆ."

ಅಂಬಮ್ಮ ಒಂದು ತೊಟ್ಟು ಮುರಿದಳು. "ನೀನ ಹೋಗಂಗಿದ್ರ ಒಂದು ಚಿಟಿಗಿ ಸಕ್ರಿ ಸಾಕಾಗಿತ್ತಲ್ಲ. ಇಷ್ಟ್ಯಾಕ ಹುಡುಕಾಡ್ತಿದ್ದಿ?"

ಕೆಂಪು ಮೆಣಸಿನಕಾಯಿಯ ರಾಶಿ ಹುಲುಗಮ್ಮನ ಕಣ್ಣ ಮುಂದೆ ಕಲಸಿದ ಹಾಗಾಯಿತು. ಘಾಟಿಗೆ ಇರಬೇಕು.

"ಸಾಕಾಗೇತವ್ವಾ," ಎಂದಳು. "ಯಾರೂ ಕೆಟ್ಟೋರಿಲ್ಲ ಅಲ್ಲಿ. ಸುಮ್ನ ಸಾಕಾಗೇತಿ."

"ಆತು. ಅದನ್ನ ಹೇಳಾಕ ಸಿರಿಗೇರಿ ತನಕ ಬರಬೇಕಾತೇನು? ಜಂಬುನಾಥ ಬೈತಾನೇನು?"

"ಬೈಯಾಂಗಿಲ್ಲ."

"ಮತ್ತ?"

"ಮಾರಿ ಸಣ್ಣದು ಮಾಡ್ತಾರ."

"ಮಾಡ್ಲಿ. ಎರಡು ದಿನಕ್ಕ ಮತ್ತ ದೊಡ್ಡದಾಗತೈತಿ."

ಹೋಗುವ ಮಾತು ಹಾಗೆ ಮುಗಿಯಿತು. ಡಬ್ಬಿಯ ಮಾತು ಉಳಿಯಿತು. ವಿಜಯಲಕ್ಷ್ಮಿಯ ಕೈಯಲ್ಲಿ ಕಳಿಸಬಹುದು. ಆದರೆ ಏನಾದರೂ ಹಾಕಿ ಕಳಿಸಿದರೆ ಆ ಮುದುಕಿ ತಿರುಗಿ ಕೊಡದೆ ಇರಲಾರಳು, ಇಸಿದುಕೊಳ್ಳಲು ಹುಲುಗಮ್ಮ ಅಲ್ಲಿರುವುದಿಲ್ಲ. ನಡುಗುವ ಕೈಯಲ್ಲಿ ಅಂಚೆಗೆ ಹೊತ್ತುಕೊಂಡು ಹೋಗುವಳು. ಖಾಲಿ ಕಳಿಸುವುದು ಸಾಧ್ಯವಿಲ್ಲ. ಇಟ್ಟುಕೊಳ್ಳುವುದಂತೂ ಇಲ್ಲವೇ ಇಲ್ಲ.

ಅಂಬಮ್ಮ ಯೋಚಿಸುತ್ತ ಇಡೀ ರಾಶಿ ಮುಗಿಸಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು: "ಉಡಿ ತುಂಬಿ ಕಳಸು. ಉಡಿ ಯಾರಾದ್ರೂ ವಾಪಸ್ ಕೊಡ್ತಾರೇನು?"

ತವರಿನಿಂದ ಹೊರಡುವ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಅರಿಷಿಣ, ಕುಂಕುಮ, ಕುಬಸದ ಖಣ ಹಾಕುವುದೇ ಉಡಿ. ಅದೊಂದಕ್ಕೆ ತಿರುಗಿ ಕೊಡುವ ಲೆಕ್ಕವಿಲ್ಲ. ತೆಗೆದುಕೊಂಡು ಹೋಗುವುದಷ್ಟೇ.

ಒಳಗಿಂದ ಸೊಸೆ ತಲೆ ಹಾಕಿದಳು. "ಅತ್ತೀ, ಆಕಿಗೆ ಗಂಡ ಇಲ್ಲಂತ. ಗಂಡ ಇಲ್ಲದಾಕಿಗೆ ಉಡಿ ತುಂಬ್ತಾರೇನು?"

ಅಂಬಮ್ಮನ ಗಂಡ ಹೋಗಿಯೂ ಬಹಳ ವರ್ಷ. ಅಂದಿನಿಂದ ಯಾರೂ ಅವಳ ಸೆರಗಿಗೆ ಒಂದು ಕಾಳು ಹಾಕಿರಲಿಲ್ಲ. ಮಗಳು ಬಂದು ಹೋಗುವಾಗ ಉಡಿ ತುಂಬುವವಳು ಸೊಸೆ. ತಾಯಿ ಬಾಗಿಲ ಮರೆಯಲ್ಲಿ ನಿಲ್ಲುವಳು.

"ಅಕ್ಕಿಗೆ ಗೊತ್ತಾಗತೈತೇನು ಯಾರ ಗಂಡ ಅದಾನ, ಯಾರ ಗಂಡ ಇಲ್ಲ ಅಂತ?" ಎಂದಳು ಅಂಬಮ್ಮ. ಸಿಟ್ಟಿನಿಂದಲ್ಲ, ಮೆಣಸಿನಕಾಯಿಯ ಧಾರಣೆ ಕೇಳುವ ದನಿಯಲ್ಲಿ. "ನಾನ ತುಂಬ್ತೀನಿ. ಆಕಿಗೂ ಗಂಡ ಇಲ್ಲ, ನನಗೂ ಇಲ್ಲ. ಯಾವ ದೇವ್ರು ಬಂದು ಕೇಳ್ತಾನ ಕೇಳ್ಲಿ."

ಸೊಸೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳೇ ಅರಿಷಿಣದ ಬಟ್ಟಲು ತಂದಿಟ್ಟಳು.

ಹುಲುಗಮ್ಮ ವಿಜಯಲಕ್ಷ್ಮಿಗೆ ಫೋನು ಮಾಡಿ ಕೇಳಿದಳು. "ಬಿಡಿ ಅಕ್ಕಿ ಬ್ಯಾಡಕ್ಕಾ," ಎಂದಳು ಅವಳು, "ವಿಮಾನ ಇಳಿಯೂದ್ರಾಗ ಹಿಡೀತಾರ. ಕಾಳು ಕಡಿ, ಬೀಜ ಏನೂ ಒಳಗ ಬಿಡಂಗಿಲ್ಲ."

ಅಂಬಮ್ಮನಿಗೆ ಅದೂ ಅಡ್ಡಿಯಾಗಲಿಲ್ಲ. "ಮಂಡಕ್ಕಿ ಹಾಕೂಣು. ಅದೂ ಅಕ್ಕಿನ. ಹುರಿಸಿಕೊಂಡು ದಣಿದೈತಿ, ಅಷ್ಟ."

ಮರುದಿನ ತಾಯಿ ಮಗಳು ಸಿರುಗುಪ್ಪಕ್ಕೆ ಹೋದರು, ಖಣ ತರಲು. ಬಟ್ಟೆ ಅಂಗಡಿಯವನು ಹಸಿರು, ಕೆಂಪು, ಹಳದಿ ಎಲ್ಲ ಹರಡಿದ.

"ಯಾರ ಉಡಿಗಮ್ಮಾ? ಮಗಳ ಸೀಮಂತಕ್ಕೇನು?"

"ನನ್ನ ಓರಗಿಯಾಕಿಗೆ," ಎಂದಳು ಅಂಬಮ್ಮ. "ಜಪಾನಾಗ ಇರ್ತಾಳ."

ಅಂಗಡಿಯವನು ಅವಳ ಬರಿಗಾಲು ನೋಡಿದ, ಮುಖ ನೋಡಿದ. "ಅಲ್ಲೆ ಕುಬಸ ಹೊಲಿಯಾರು ಸಿಗ್ತಾರೇನಮ್ಮಾ?"

"ಹೊಲಿದು ಹೊಲಿದು ಸಾಕಾದಾಕಿ ಆಕಿ. ಹೊಲಿಸಬ್ಯಾಡ, ಸುಮ್ನ ಇಟ್ಟುಕೋ ಅಂತ ಹೇಳಿ ಕಳಸ್ತೀವಿ. ಆ ಹಸರಂದು ಕೊಡು."

ಮನೆಗೆ ಬಂದು, ಡಬ್ಬಿಯನ್ನು ಮಣೆಯ ಮೇಲಿಟ್ಟು, ಅಂಬಮ್ಮ ಮಡಿಸಿದ ಖಣವನ್ನು ತಳಕ್ಕೆ ಹಾಸಿದಳು. ಅರಿಷಿಣ, ಕುಂಕುಮದ ಪುಟ್ಟ ಪೊಟ್ಟಣಗಳನ್ನು ಇಟ್ಟಳು. ಅದರ ಮೇಲೆ ಮಂಡಕ್ಕಿಯನ್ನು ಹಿಡಿಹಿಡಿಯಾಗಿ ಹಾಕಿದಳು. ನಾಲ್ಕು ಹೊರಗೆ ಚೆಲ್ಲಿದವು. ಹುಲುಗಮ್ಮ ಚೆಲ್ಲಿದ್ದನ್ನು ಆರಿಸಿ ತಾಯಿಯ ಸೆರಗಿನ ತುದಿಗೆ ಹಾಕಿ ಗಂಟು ಕಟ್ಟಿದಳು. ತಾಯಿ ಬೇಡ ಎನ್ನಲಿಲ್ಲ.

ಬಳ್ಳಾರಿಗೆ ಬಂದ ಸಂಜೆ ಜಂಬುನಾಥ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದ. ಹುಲುಗಮ್ಮ ಟವೆಲ್ಲು ಹಿಡಿದು ನಿಂತು ಹೇಳಿದಳು:

"ನಾ ಹೋಗಂಗಿಲ್ರಿ."

"ಎಲ್ಲಿಗೆ?"

"ಜಪಾನಿಗೆ."

ಅವನು ತಂಬಿಗೆ ಕೆಳಗಿಟ್ಟ. ಮುಖ ಸಣ್ಣದಾಯಿತು. "ಮ್ಯಾಲಿನ ಕೋಣಿ?"

"ಕೆಳಗಿನ ಕೋಣ್ಯಾಗ ನಾನಿರ್ತೀನಿ."

"ಗೌಂಡಿಗೆ ಹೇಳೇನಲ್ಲಬೇ... ನಾನೇನು ನಿನಗ ಹೋಗು ಅಂದಿದ್ದೆನೇನು?"

"ಬ್ಯಾಡ ಅಂತಾನೂ ಅಂದಿರಲಿಲ್ಲ."

ಜಂಬುನಾಥ ತನ್ನ ನೀಲಿ ಉಗುರು ನೋಡಿಕೊಂಡ. ಒಳಗೆ ಪುಸ್ತಕ ಹಿಡಿದು ಕುಳಿತಿದ್ದ ಸುಮಂಗಲಾ ಪುಟ ತಿರುವುವುದನ್ನು ನಿಲ್ಲಿಸಿದ್ದಳು.

"ಇಲ್ಲೆ ಯೂನಿಟ್ಟಿಗೆ ಹೋಗ್ತಿಯೇನು ಮತ್ತ?" ಎಂದ ಕಡೆಗೆ.

"ಹೋಗ್ತೀನಿ. ಮೊದಲು ಒಂದಷ್ಟು ದಿನ ಮಲಗ್ತೀನಿ."

ಅವನು ಟವೆಲ್ಲು ಇಸಿದುಕೊಂಡ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಗೌಂಡಿಗೆ ತಾನೇ ಫೋನು ಮಾಡಿ ಬೇಡ ಎಂದ. ಹುಲುಗಮ್ಮ ಕಂಪನಿಗೆ ಬರುವುದಿಲ್ಲ ಎಂದು ತಿಳಿಸಿದಳು. ಅವರು ಅಲ್ಲಿಂದಲೂ ನಗುನಗುತ್ತಲೇ ಒಪ್ಪಿದರು.

ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಕಂಟೋನ್ಮೆಂಟಿಗೆ ಒಯ್ದು ವಿಜಯಲಕ್ಷ್ಮಿಯ ಕೈಗೆ ಕೊಟ್ಟಳು. ಹುಡುಗಿ ಮೊದಲ ಸಲ ಯಾವ ತಮಾಷೆಯನ್ನೂ ಮಾಡಲಿಲ್ಲ. "ಏನಂತ ಹೇಳಬೇಕು ಆಕಿಗೆ?" ಎಂದು ಕೇಳಿದಳು.

"ಇದಕ್ಕ ತಿರುಗಿ ಕೊಡೂದಿಲ್ಲ ಅಂತ ಹೇಳು. ನಮ್ಮವ್ವ ತುಂಬ್ಯಾಳ ಅಂತ ಹೇಳು. ಎರಡು ಸಲ ಹೇಳು, ಒಂದು ಸಲಕ್ಕ ನಂಬಾಂಗಿಲ್ಲ ಆಕಿ."

ಕೆಲವು ಭಾನುವಾರ ಕಳೆದು ವಿಜಯಲಕ್ಷ್ಮಿಯ ಫೋನು ಬಂತು.

"ಕೊಟ್ಟೆ ಅಕ್ಕಾ. ನಾನು ಏನು ಕೊಡ್ಲಿ ಅಂದ್ಲು. ಏನೂ ಬ್ಯಾಡ ಅಂದೆ. ಖರೇನಾ ಅಂದ್ಲು. ಖರೇ ಅಂದೆ. ನೀ ಹೇಳಿದಂಗ ಎರಡು ಸಲ ಕೇಳಿದ್ಲು ನೋಡು. ಹಸರ ಖಣ ಮಾರಿಗೆ ಹಿಡ್ಕೊಂಡು ವಾಸನಿ ನೋಡಿದ್ಲು. ಆಮ್ಯಾಲ ಮೆಟ್ಟಿಲ ಮ್ಯಾಲ ಕುಂತು ಮಂಡಕ್ಕಿ ಒಂದೊಂದ ಬಾಯಿಗೆ ಹಾಕ್ಕೊಂಡ್ಲು."

"ಮತ್ತ?"

"ಮತ್ತೇನು, ಕುಂತಲ್ಲೇ ನಿದ್ದಿ. ನಾನು ಸ್ವಲ್ಪ ಹೊತ್ತು ಬಾಜೂಕ ಕುಂತೆ."

"ಒಳ್ಳೇದಾತು," ಎಂದಳು ಹುಲುಗಮ್ಮ. ಫೋನು ಇಟ್ಟಳು. ಇನ್ನು ಆ ಡಬ್ಬಿ ಮೆಟ್ಟಿಲು ಹತ್ತುವುದಿಲ್ಲ. ಬೇಕೆಂದು ಮಾಡಿದ್ದೇ, ಆದರೂ ಎದೆಯಲ್ಲಿ ಒಂದು ಗೂಡು ಬರಿದಾದ ಹಾಗೆ ಅನಿಸಿತು. ಪಡಸಾಲೆಯಲ್ಲಿ ಚಾಪೆ ಹಾಸಿ, ಗೋಡೆಗೆ ಮುಖ ಮಾಡಿ ಮಲಗಿದಳು.

ಹೊರಗೆ ಯಾರೋ ಕೂಗಿದರು. ಜಂಬುನಾಥ ಬಾಗಿಲಿಗೆ ಹೋದ. ದನಿ ತಗ್ಗಿಸಿ, "ಮಲಗ್ಯಾಳವ್ವ, ಎಬ್ಬಿಸಂಗಿಲ್ಲ. ಏನಿತ್ತು?" ಎಂದ.

"ಏನಿಲ್ಲಪ್ಪಾ, ಮೊನ್ನಿ ನಿಮ್ಮ ಬಟ್ಟಲ ನಮ್ಮನಿಗೆ ಬಂದಿತ್ತು. ಕೊಡಾಕ ಬಂದಿದ್ದೆ."

"ಇಡ್ರಿ ಅಲ್ಲೆ. ಇದೇನು, ಬಟ್ಟಲ ತುಂಬ ಮಿರ್ಚಿ ಬಜಿ?"

"ಖಾಲಿ ಹೆಂಗ ಕೊಡ್ಲಿ?"

ಹುಲುಗಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಳು. ಏಳಲಿಲ್ಲ. ತನ್ನ ಪಾಳಿ ಬಂದರೆ ಮನೆಯಲ್ಲಿ ಸಕ್ಕರೆ ಇತ್ತು.